ಅಮ್ಮ ಇಲ್ಲದ ಮೇಲೆ ಕ್ಷಮೆ ಯಾರ ಹತ್ತಿರ ಕೇಳಲಿ?

ಕಿರಿಮಗಳು (ಪ್ರಶ್ನೆ)

ಎಲ್ಲರಿಗೂ ವಂದನೆ. ಇದನ್ನು ಮೂರು ಸಲ ಬರೆದು ಅಳಿಸಿದ್ದೇನೆ. ಈ ಸಲ ಕಳಿಸಿಬಿಡುತ್ತೇನೆ.

ನಾನು ಕ್ರೈಸ್ತ ಸಭೆಯಲ್ಲೇ ಹುಟ್ಟಿ ಬೆಳೆದವಳು. 11 ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಕೃಪೆ ಅಂದರೆ ಏನು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. "ನಾವು ಗಳಿಸಿದ್ದಲ್ಲ, ದೇವರೇ ಕೊಟ್ಟದ್ದು" ಅಂತ ಬೋರ್ಡಿನ ಮೇಲೆ ಅವರ ಕೈಯಿಂದಲೇ ಬರೆಸಿದ್ದೇನೆ. ನನ್ನದೇ ವಿಷಯ ಬಂದಾಗ ಮಾತ್ರ ಆ ಮಾತು ಗಂಟಲಲ್ಲಿ ಇಳಿಯುತ್ತಿಲ್ಲ.

ಅಮ್ಮನಿಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಎಡಗೈ ಮಾತ್ರ ಆಡುತ್ತಿತ್ತು. ಆ ಕೈಗೆ ಸಿಗುವ ಹಾಗೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಚಿಕ್ಕ ಹಿತ್ತಾಳೆ ಗಂಟೆ ಇಟ್ಟಿದ್ದೆ. ಏನು ಬೇಕಾದರೂ ಬಾರಿಸುತ್ತಿದ್ದಳು, ನಾನು ಹೋಗುತ್ತಿದ್ದೆ. ಹೀಗೆ 14 ತಿಂಗಳು.

ಒಂದು ರಾತ್ರಿ ಐದನೇ ಸಲ ಗಂಟೆ ಕೇಳಿಸಿತು. ಗಡಿಯಾರ ನೋಡಿದೆ, ಎರಡು ಮುಕ್ಕಾಲು. ಹೋದೆ. ನೀರು ಬೇಡ. ಹೊದಿಕೆ ಬೇಡ. ಮಗ್ಗುಲು ಬದಲಿಸುವುದೂ ಬೇಡ. ಏನು ಬೇಕು ಅಂತ ತಿಳಿಯಲೇ ಇಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿನಗೆ ಸ್ವಲ್ಪನಾದ್ರೂ ಕರುಣೆ ಇದ್ಯಾ" ಅಂತ ಕೂಗಿದೆ. ನಿಜವಾಗಿಯೂ ಅದೇ ಶಬ್ದ ಬಾಯಿಗೆ ಬಂತು. ಗಂಟೆ ಕಿತ್ತುಕೊಂಡೆ. ಅಡುಗೆಮನೆಯ ಮೇಲಿನ ಗೂಡಿನಲ್ಲಿಟ್ಟು, ಅವಳ ಕೋಣೆಯ ಬಾಗಿಲು ಎಳೆದುಕೊಂಡು ಮಲಗಿದೆ.

ಬೆಳಿಗ್ಗೆ ಆರಕ್ಕೆ ಹೋದಾಗ ಅಮ್ಮ ಎದ್ದೇ ಇದ್ದಳು. ಹಾಸಿಗೆ ಒದ್ದೆಯಾಗಿತ್ತು. ಎಡಗೈ ಸ್ಟೂಲಿನ ಮೇಲೆ, ಗಂಟೆ ಇರುತ್ತಿದ್ದ ಜಾಗದಲ್ಲೇ ಇತ್ತು. ಬಟ್ಟೆ ಬದಲಿಸಿದೆ, ಮೈ ಒರೆಸಿದೆ, ಗಂಟೆ ತಂದು ಅಲ್ಲೇ ಇಟ್ಟೆ. ಕ್ಷಮಿಸು ಅಂತ ಮಾತ್ರ ಹೇಳಲಿಲ್ಲ. ಸಂಜೆ ಹೇಳೋಣ ಅಂದುಕೊಂಡೆ. ಆಮೇಲೆ ನಾಳೆ ಅಂದುಕೊಂಡೆ.

ಅವತ್ತಿನಿಂದ ಅಮ್ಮ ಆ ಗಂಟೆ ಬಾರಿಸಲೇ ಇಲ್ಲ. ಒಂಬತ್ತನೇ ದಿನ ತೀರಿಕೊಂಡಳು.

ಎರಡು ವರ್ಷ ಆಯಿತು. ದೇವರ ಮುಂದೆ ಎಷ್ಟು ಸಲ ಅರಿಕೆ ಮಾಡಿಕೊಂಡೆನೋ ಲೆಕ್ಕವಿಲ್ಲ. ಈಗ ನಮ್ಮ ಸಭೆಯಲ್ಲಿ ಹಾಸಿಗೆ ಹಿಡಿದ ಹಿರಿಯರ ಮನೆಗಳಿಗೆ ಹೋಗುತ್ತೇನೆ. ತಲೆ ಬಾಚುತ್ತೇನೆ, ಉಗುರು ಕತ್ತರಿಸುತ್ತೇನೆ, ಕೀರ್ತನೆ ಓದಿ ಹೇಳುತ್ತೇನೆ. ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಡುತ್ತೇನೆ. ಮೊನ್ನೆಗೆ 61 ಆಯಿತು. ಈ ಪುಸ್ತಕದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೂರಾದರೆ ಎದೆ ಹಗುರಾಗಬಹುದು ಅಂದುಕೊಂಡಿದ್ದೆ. ಈಗ ನೂರೂ ಸಾಲದು ಅನ್ನಿಸುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ನಾನು ನೋಯಿಸಿದ್ದು ಅಮ್ಮನನ್ನು. ಅಮ್ಮ ಇಲ್ಲ. ಅವಳನ್ನು ಕೇಳದೆ ದೇವರು ನನ್ನನ್ನು ಕ್ಷಮಿಸಿದರೆ ಅದು ಅಮ್ಮನಿಗೆ ನ್ಯಾಯವಾ? ಆ ಕ್ಷಮೆಯನ್ನು ನಾನು ಹೇಗೆ ತೆಗೆದುಕೊಳ್ಳಲಿ? ಬೈಬಲ್ ವಚನಗಳು ನನಗೂ ಬಾಯಿಪಾಠ ಇವೆ. ದಯವಿಟ್ಟು ಬರೀ ವಚನ ಬರೆದು ಹೋಗಬೇಡಿ.

ಬೆಳಗಿನ ಮಂಜು

ಸಿಸ್ಟರ್, ಓದಿ ಕಣ್ಣು ತುಂಬಿತು. ನೀವು ಅರಿಕೆ ಮಾಡಿದ್ದೀರಿ, ಅಲ್ಲಿಗೆ ಮುಗಿಯಿತು. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ಆತನು ಕ್ಷಮಿಸುವನು ಅಂತ 1 ಯೋಹಾನ 1:9 ಹೇಳುತ್ತದೆ. ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ, ಎಫೆಸ 2:8-9. ಆ ನೋಟ್‌ಬುಕ್ ಇವತ್ತೇ ಸುಟ್ಟುಹಾಕಿ. ಸೈತಾನನು ನಿಮ್ಮನ್ನು ಸುಮ್ನೆ ದೂರುತ್ತಿದ್ದಾನೆ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಮೂರನೇ ಬೆಂಚು

ತಂಗಿ, ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಕಲಿತವನೂ ಅಲ್ಲ. ರಿಟೈರ್ ಆಗುವವರೆಗೆ ಸಾಲದ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮ್ಮ ನೋಟ್‌ಬುಕ್ಕಿನ ಮಾತು ಓದಿದಾಗ ನನಗೆ ಮತ್ತಾಯ 18ರಲ್ಲಿ ಯೇಸು ಹೇಳಿದ ಕಥೆಯ ಸಾಲಗಾರ ನೆನಪಾದ. ವಚನ ಬೇಡ ಅಂದಿದ್ದೀರಿ. ಇದು ಕಥೆ, ಸ್ವಲ್ಪ ತಾಳಿಕೊಳ್ಳಿ.

ಅವನ ಸಾಲ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಗುಣಿಸಿ ನೋಡಿ, 6 ಕೋಟಿ ದಿನದ ಕೂಲಿ. ಒಂದು ದಿನವೂ ರಜೆ ಇಲ್ಲದೆ, ಒಂದು ಕಾಸೂ ಖರ್ಚು ಮಾಡದೆ ದುಡಿದರೂ 1,60,000 ವರ್ಷಕ್ಕಿಂತ ಜಾಸ್ತಿ ಬೇಕು. ಈ ಮನುಷ್ಯ ಧಣಿಯ ಕಾಲಿಗೆ ಬಿದ್ದು ಏನಂದ ಗೊತ್ತಾ? "ಸ್ವಲ್ಪ ತಾಳಿಕೊಳ್ಳಿ, ಎಲ್ಲಾ ತೀರಿಸುತ್ತೇನೆ" ಅಂದ.

ನನ್ನ ಮೇಜಿನ ಮುಂದೆ ಈ ಮಾತನ್ನು ಎಷ್ಟೋ ಜನ ಹೇಳಿದ್ದಾರೆ. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಬರುವ ತಿಂಗಳು ಕಟ್ಟುತ್ತೇನೆ ಅಂತ ಮನಸಾರೆ ಹೇಳುತ್ತಿದ್ದರು. ಫೈಲು ನೋಡಿದರೆ ಬಡ್ಡಿಗೇ ಸಾಲುತ್ತಿರಲಿಲ್ಲ, ಅಸಲಿನ ಮಾತು ದೂರ. ಅವರು ಕೇಳುತ್ತಿದ್ದದ್ದು ವಾಯಿದೆ. ಈ ಸಾಲಗಾರ ಕೇಳಿದ್ದೂ ವಾಯಿದೆಯೇ. ಧಣಿ ಕೊಟ್ಟದ್ದು ಬಿಡುಗಡೆ. ಕೇಳಿದ್ದೇ ಒಂದು, ಸಿಕ್ಕಿದ್ದೇ ಇನ್ನೊಂದು.

ನನಗೆ ತೋರುವುದು ಹೀಗೆ. ಅವನಿಗೆ ತನಗೆ ಏನು ಸಿಕ್ಕಿತು ಅಂತ ತಿಳಿಯಲೇ ಇಲ್ಲ. ಹೊರಗೆ ಹೋದವನೇ 100 ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಸಾಲ ಹೋಗಿದ್ದರೂ ಲೆಕ್ಕದ ಪುಸ್ತಕ ತಲೆಯಿಂದ ಹೋಗಿರಲಿಲ್ಲ. ನೀವು ಬೇರೆಯವರ ಕುತ್ತಿಗೆ ಹಿಡಿದಿಲ್ಲ ತಂಗಿ. ನಿಮ್ಮ ಕುತ್ತಿಗೆಯನ್ನೇ ಹಿಡಿದುಕೊಂಡಿದ್ದೀರಿ. 61 ಅಂತ ಬರೆದಿದ್ದೀರಲ್ಲ, ಅದು ವಾಯಿದೆ ಕೇಳುವ ಪುಸ್ತಕ.

ಇನ್ನೊಂದು ಮಾತು. ಮನ್ನಾ ಆದ ಸಾಲ ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಸಾಲ ಕೊಟ್ಟವನ ಪುಸ್ತಕದಲ್ಲಿ ಅಷ್ಟೂ ನಷ್ಟ ಅಂತ ಬರೆಯಲೇಬೇಕು. ಯಾರಾದರೂ ಹೊರಲೇಬೇಕು. ಶಿಲುಬೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಈ ಕೆಲಸದಲ್ಲೇ. ದೇವರು "ಇರಲಿ ಬಿಡು" ಅನ್ನಲಿಲ್ಲ. ನಷ್ಟವನ್ನು ತನ್ನ ಹೆಸರಿಗೆ ಬರೆದುಕೊಂಡ. ಅದಕ್ಕೇ ನಮಗೆ ಪುಕ್ಕಟೆ. ಆತನಿಗೆ ಪುಕ್ಕಟೆ ಆಗಿರಲಿಲ್ಲ.

ನಿಮ್ಮ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಪೌಲನದೂ ಇದೇ ಪಾಡು ಅಲ್ವಾ? ಯೇಸುವನ್ನು ನಂಬಿದ್ದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಕೊಲ್ಲುವವರ ಬಟ್ಟೆಗಳು ಇದ್ದದ್ದು ಸೌಲನ ಕಾಲ ಹತ್ತಿರ. ಸೌಲ ಅಂದರೆ ಈ ಪೌಲನೇ. ಆಮೇಲೆ ಈ ಸೌಲ ಸ್ತೆಫನನ ಹತ್ತಿರ ಹೋಗಿ ಕ್ಷಮೆ ಕೇಳುವ ಹಾಗಿರಲಿಲ್ಲ. ಅದನ್ನು ಅವನು ಮರೆಯಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಯೆರೂಸಲೇಮಿನಲ್ಲಿ, ಸ್ತೆಫನನ ರಕ್ತ ಚೆಲ್ಲಿದಾಗ ನಾನೇ ಪಕ್ಕದಲ್ಲಿ ನಿಂತು ಬಟ್ಟೆ ಕಾಯುತ್ತಿದ್ದೆ ಅಂತ ಬಾಯಿಬಿಟ್ಟು ಹೇಳಿದ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ನನಗೆ ಕರುಣೆ ದೊರೆಯಿತು, ಕೃಪೆ ತುಂಬಿ ಹರಿಯಿತು ಅನ್ನುತ್ತಾನೆ. ಎರಡೂ ಶಬ್ದ ಒಂದೇ ಉಸಿರಿನಲ್ಲಿ ಬರುತ್ತವೆ. ನನ್ನ ಲೆಕ್ಕದ ಭಾಷೆಯಲ್ಲಿ, ಕರುಣೆ ಅಂದರೆ ಸಾಲ ಹೊಡೆದುಹಾಕಿದ್ದು. ಕೃಪೆ ಅಂದರೆ ಅದೇ ಸಾಲಗಾರನನ್ನು ಮನೆಯೊಳಗೆ ಕರೆದು ಬೀಗದ ಕೈ ಕೊಟ್ಟದ್ದು.

ಸ್ತೆಫನ ಸಾಯುವಾಗ ಏನು ಪ್ರಾರ್ಥಿಸಿದ ಅಂತ ನಿಮಗೇ ಗೊತ್ತಿದೆ. ಈ ಪಾಪವನ್ನು ಇವರ ಮೇಲೆ ಹೊರಿಸಬೇಡ ಅಂದ. ಪೌಲ ಕೇಳುವ ಮೊದಲೇ ಕ್ಷಮೆ ಹೊರಟಿತ್ತು. ನಿಮ್ಮ ಅಮ್ಮನೂ ಆ ರಾತ್ರಿ ಹಾಗೇ ಪ್ರಾರ್ಥಿಸಿದಳು ಅಂತ ನಾನು ಹೇಳಲಾರೆ. ನಾನು ಅಲ್ಲಿರಲಿಲ್ಲ. ಹಾಸಿಗೆಯಲ್ಲಿ ಎಚ್ಚರವಿದ್ದ ಅವಳ ಜೊತೆ ಯಾರೂ ಇರಲಿಲ್ಲ ಅಂತಲೂ ಹೇಳಲಾರೆ.

ಹೆಸರು ಬೇಡ

ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ. ನಾನು ಇನ್ನೊಂದು ಕಡೆಯವನು. ಗಂಟೆ ಕಿತ್ತುಕೊಂಡವರ ಕಡೆ ಅಲ್ಲ, ಹಾಸಿಗೆಯಲ್ಲಿದ್ದವರ ಕಡೆ.

ನನ್ನನ್ನು ಬೆಳೆಸಿದವರೊಬ್ಬರು ಬೆಲ್ಟಿನಿಂದ ಹೊಡೆಯುತ್ತಿದ್ದರು. ಯಾಕೆ ಅಂತ ಈಗಲೂ ಗೊತ್ತಿಲ್ಲ. ನಾನು ದೊಡ್ಡವನಾದ ಮೇಲೆ ಅವರು ಯೇಸುವನ್ನು ನಂಬಿ ರಕ್ಷಣೆ ಹೊಂದಿದರು. ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದರು. ನಾನು ಪಾಪಿಯಾಗಿದ್ದೆ, ದೇವರು ಎಲ್ಲವನ್ನೂ ಕ್ಷಮಿಸಿದ್ದಾನೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ಇಳಿದು ಬಂದು ನನ್ನ ಪಕ್ಕದಲ್ಲೇ ಹಾದುಹೋದರು. ನನ್ನನ್ನು ಏನೂ ಕೇಳಲಿಲ್ಲ. ಅವತ್ತೂ ಇಲ್ಲ, ಸಾಯುವವರೆಗೂ ಇಲ್ಲ.

ಕೀರ್ತನೆ 51ರಲ್ಲಿ ದಾವೀದ ರಾಜ "ನಿನಗೇ, ನಿನಗೊಬ್ಬನಿಗೇ ಪಾಪ ಮಾಡಿದ್ದೇನೆ" ಅನ್ನುತ್ತಾನಲ್ಲ, ಆ ಸಾಲು ಓದಿದರೆ ನನಗೆ ಮೈ ಉರಿಯುತ್ತದೆ. ಊರೀಯ ಎಲ್ಲಿ ಹೋದ? ಅವನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಯುದ್ಧದಲ್ಲಿ ಸಾಯಿಸಿ, ಆಮೇಲೆ ನಾನೂ ದೇವರೂ ಸರಿಹೋದೆವು ಅಂದರೆ ಆಯಿತಾ? ಕೃಪೆ ಅಂದರೆ ಇದೇ ಆದರೆ, ಏಟು ತಿಂದವರಿಗೆ ಅದರಲ್ಲಿ ಏನಿದೆ?

ಕಿರಿಮಗಳು ಅವರೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನೀವು ಕನಿಷ್ಠ ಪಕ್ಷ ಕೇಳುತ್ತಿದ್ದೀರಿ.

ಕಿರಿಮಗಳು

ಅಣ್ಣ, ನಿಮ್ಮ ಮಾತನ್ನು ನಾಲ್ಕು ಸಲ ಓದಿದೆ. ನನಗೆ ಹೆದರಿಕೆ ಇರುವುದು ಇದೇ. ನಾನು ಆ ವೇದಿಕೆ ಮೇಲಿನ ಮನುಷ್ಯಳಾಗಬಾರದು. ಅದಕ್ಕೇ ಪುಸ್ತಕ ಇಟ್ಟುಕೊಂಡಿದ್ದೇನೋ ಏನೋ. ಹಗುರಾಗಿಬಿಟ್ಟರೆ ಅಮ್ಮನನ್ನು ಎರಡನೇ ಸಲ ಬಾಗಿಲು ಹಾಕಿ ಬಿಟ್ಟುಬಂದ ಹಾಗೆ ಅನ್ನಿಸುತ್ತದೆ.

ಮೂರನೇ ಬೆಂಚು

ತಮ್ಮಾ, ನಿಮ್ಮ ಕೋಪ ಸರಿಯಾಗಿದೆ. ಅದನ್ನು ತಣಿಸಲು ಬರೆಯುತ್ತಿಲ್ಲ.

ಊರೀಯನ ವಿಷಯ ಮಾತ್ರ ಸ್ವಲ್ಪ ನೋಡೋಣ. ದಾವೀದ ಅವನನ್ನು ಮುಚ್ಚಿಹಾಕಿದ್ದ, ನಿಜ. ಊರೀಯನ ಹೆಸರನ್ನು ಮತ್ತೆ ಎತ್ತಿದ್ದು ಯಾರು? ದೇವರೇ. 2 ಸಮುವೇಲ 12ರಲ್ಲಿ ಪ್ರವಾದಿ ನಾತಾನ ದಾವೀದನ ಹತ್ತಿರ ಬರುತ್ತಾನೆ. ಬಡವನ ಹೆಣ್ಣು ಕುರಿಮರಿಯ ಕಥೆ ಹೇಳುತ್ತಾನೆ. ಅದು ಅವನ ತಟ್ಟೆಯಲ್ಲೇ ತಿನ್ನುತ್ತಿತ್ತು, ಅವನ ಎದೆಯ ಮೇಲೆ ಮಲಗುತ್ತಿತ್ತು. ಕಥೆ ಇಡೀ ಏಟು ತಿಂದವನ ಕಡೆಯಿಂದಲೇ ಇದೆ. ಆಮೇಲೆ ಹೆಸರು ಹಿಡಿದು, ಹಿತ್ತಿಯನಾದ ಊರೀಯನನ್ನು ಕೊಲ್ಲಿಸಿದವನು ನೀನು ಅನ್ನುತ್ತಾನೆ. ಪಾಪ ಮಾಡಿದ್ದೇನೆ ಅಂತ ದಾವೀದ ಒಪ್ಪಿಕೊಂಡದ್ದು, ದೇವರು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ ಅಂತ ನಾತಾನ ಹೇಳಿದ್ದು ಅದಾದ ಮೇಲೆ. ಮೊದಲು ಊರೀಯನ ಹೆಸರು, ಆಮೇಲೆ ಕ್ಷಮೆ.

ಇನ್ನೊಂದು ಕಡೆ ನೋಡಿ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಅಲ್ಲಿ ಬತ್ಷೆಬೆಯ ಹೆಸರೇ ಇಲ್ಲ, "ಊರೀಯನ ಹೆಂಡತಿ" ಅಂತ ಇದೆ. ದಾವೀದನನ್ನು ಕ್ಷಮಿಸಿ ಎಷ್ಟೋ ನೂರು ವರ್ಷವಾಗಿತ್ತು. ಆದರೂ ರಕ್ಷಕನ ವಂಶದ ಪಟ್ಟಿಯಲ್ಲಿ ಊರೀಯನ ಹೆಸರನ್ನು ಹಾಗೇ ಉಳಿಸಿಕೊಂಡಿದ್ದಾರೆ. ಆ ಸಾಲನ್ನು ಸಭೆಯಲ್ಲಿ ಎಷ್ಟು ಸಲ ಬೇಗ ಬೇಗ ಓದಿ ದಾಟಿದ್ದೇನೋ. ಅಳಿಸಿಬಿಡುವುದು ಕ್ಷಮೆ ಅಲ್ಲ ಅಂತ ನನಗೆ ಹೊಳೆದದ್ದು ತುಂಬಾ ತಡವಾಗಿ.

ನಿಮ್ಮನ್ನು ದಾಟಿ ಹೋದ ಆ ಮನುಷ್ಯನ ಬಗ್ಗೆ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಯೇಸು ಹೋದಾಗ ಏನಾಯಿತು? ಯೇಸು ಮೊದಲು ಕರೆದ, ಷರತ್ತು ಹಾಕಲಿಲ್ಲ. ಜಕ್ಕಾಯ ಎದ್ದು ನಿಂತು, ಯಾರಿಂದ ಅನ್ಯಾಯವಾಗಿ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕು ಪಟ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಕೃಪೆ ಒಳಗೆ ಬಂದ ಮನೆಯಿಂದ ಏಟು ತಿಂದವರ ಮನೆಗೆ ದಾರಿ ಹೊರಡಬೇಕು. ನಿಮ್ಮ ವಿಷಯದಲ್ಲಿ ಹೊರಡಲಿಲ್ಲ. ಅದು ತಪ್ಪು. ನಮ್ಮ ಸಭೆಗಳು ಚಪ್ಪಾಳೆ ತಟ್ಟುವ ಮೊದಲು ಹಿಂದಿನ ಸಾಲನ್ನು ನೋಡಬೇಕಾಗಿತ್ತು.

ಮೊಂಬತ್ತಿ

ನಾನು ಕಥೋಲಿಕಳು. ಇಲ್ಲಿ ಹೆಚ್ಚಿನವರು ಬೇರೆ ಸಭೆಯವರು ಅಂತ ಗೊತ್ತು, ಆದರೂ ಬರೆಯುತ್ತೇನೆ.

ಕಿರಿಮಗಳು, ನಿಮ್ಮ 61 ಭೇಟಿಗಳನ್ನು ಯಾರೂ ಹೀಗಳೆಯಬಾರದು ಅಂತ ನನ್ನ ಆಸೆ. ನಮ್ಮಲ್ಲಿ ಪಾಪನಿವೇದನೆ ಆದ ಮೇಲೆ ಫಾದರ್ ಒಂದು ಪ್ರಾಯಶ್ಚಿತ್ತ ಹೇಳುತ್ತಾರೆ. ಒಂದು ಪ್ರಾರ್ಥನೆ ಇರಬಹುದು, ಯಾರಿಗಾದರೂ ಮಾಡುವ ಸೇವೆ ಇರಬಹುದು. ಹೊರಗಿನಿಂದ ನೋಡಿದವರಿಗೆ ಅದು ಕ್ಷಮೆಯ ಬೆಲೆ ಅನ್ನಿಸುತ್ತದೆ. ಆದರೆ ಕ್ರಮ ನೋಡಿ. ಪ್ರಾಯಶ್ಚಿತ್ತ ಏನು ಅಂತ ಹೇಳಿ, ಅಲ್ಲೇ ಪಾಪವಿಮೋಚನೆಯ ಮಾತನ್ನೂ ಹೇಳಿಬಿಡುತ್ತಾರೆ. ನಾನು ಎದ್ದು ಹೋಗಿ ಅದನ್ನು ಮಾಡುವುದು ಆಮೇಲೆ. ಕ್ಷಮಿಸಲ್ಪಟ್ಟವಳಾಗಿಯೇ ಮಾಡುತ್ತೇನೆ. ಕಾಲು ಮುರಿದವನಿಗೆ ಮೂಳೆ ಕೂಡಿದ ಮೇಲೂ ನಡೆಯುವ ಅಭ್ಯಾಸ ಬೇಕಲ್ಲ, ಹಾಗೆ. ನೀವು ಹಿರಿಯರ ತಲೆ ಬಾಚುವುದನ್ನು ಹಾಗೆ ನೋಡಲು ಆಗುವುದಿಲ್ವಾ? ಭೇಟಿ ಇರಲಿ. ಅಂಕಿ ಬೇಡ.

ಈ ವಿಷಯದಲ್ಲಿ ನಮ್ಮ ಎರಡೂ ಕಡೆಯವರು ಎಷ್ಟು ಜಗಳವಾಡಿದ್ದಾರೆ! 1547ರಲ್ಲಿ ನಮ್ಮ ಕಥೋಲಿಕರ ಟ್ರೆಂಟ್ ಮಹಾಸಭೆ ನೀತೀಕರಣದ ಬಗ್ಗೆ, ಅಂದರೆ ಪಾಪಿ ದೇವರ ಮುಂದೆ ನೀತಿವಂತನಾಗುವುದು ಹೇಗೆ ಅನ್ನುವ ಬಗ್ಗೆ, ಕಟುವಾಗಿ ಬರೆಯಿತು, ಆ ಕಡೆಯಿಂದಲೂ ಕಟು ಮಾತೇ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಒಟ್ಟಿಗೆ ಸಹಿ ಹಾಕಿದರು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಬರೀ ಕೃಪೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ನಮ್ಮನ್ನು ಎಬ್ಬಿಸುತ್ತದೆ ಅನ್ನುವುದು ಅದರ ಸಾರ. 2006ರಲ್ಲಿ ಮೆಥಡಿಸ್ಟರೂ ಅದಕ್ಕೆ ಸೇರಿಕೊಂಡರು. ಎಲ್ಲಾ ಭೇದ ಮುಗಿದಿಲ್ಲ. ನನಗೆ ಮಾತ್ರ ಆ ಸಹಿ ದೊಡ್ಡ ಸಮಾಧಾನ.

ಇನ್ನು ನನ್ನದೇ ಒಂದು ಮಾತು. ಒಂದು ವಿಷಯವನ್ನು ನಾನು ನಿವೇದನೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದೆ. ಫಾದರ್ ಒಂದು ದಿನ ಯೋಹಾನ 21 ಓದಿ ಬಾ ಅಂದರು. ಪುನರುತ್ಥಾನವಾದ ಯೇಸು ದಡದಲ್ಲಿ ಇದ್ದಲಿನ ಬೆಂಕಿ ಮಾಡಿಕೊಂಡು ಶಿಷ್ಯ ಪೇತ್ರನಿಗಾಗಿ ಕಾಯುತ್ತಾನೆ. ಇದ್ದಲಿನ ಬೆಂಕಿಗೆ ಅಲ್ಲಿರುವ ಗ್ರೀಕ್ ಶಬ್ದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದಂತೆ. ಒಂದು ಇದು. ಇನ್ನೊಂದು, ಅದೇ ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತಾ, ನೀನು ಯೇಸುವಿನ ಶಿಷ್ಯನಲ್ವಾ ಅಂತ ಕೇಳಿದಾಗ "ನಾನವನಲ್ಲ" ಅಂದ ಜಾಗ. ಯೇಸು ಅವನನ್ನು ಅದೇ ಬೆಂಕಿಯ ಹತ್ತಿರ ಕೂರಿಸಿದ. ಮೂರು ಸಲ ತಪ್ಪಿದವನನ್ನು ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಮೂರನೇ ಸಲ ಪೇತ್ರನಿಗೆ ದುಃಖವಾಯಿತು ಅಂತ ಬರೆದಿದೆ. ಗಾಯ ಮುಟ್ಟದೆ ವಾಸಿ ಮಾಡಲಿಲ್ಲ. ಆಮೇಲೆ ಹೇಳಿದ್ದು "ನನ್ನ ಕುರಿಗಳನ್ನು ಮೇಯಿಸು" ಅಂತ. ಎಷ್ಟು ಕುರಿ ಮೇಯಿಸಿದರೆ ಸರಿಹೋಗುತ್ತದೆ ಅಂತ ಹೇಳಲಿಲ್ಲ.

ನಾವು ತೀರಿಕೊಂಡವರಿಗಾಗಿ ಪ್ರಾರ್ಥಿಸುವವರು. ನೀವು ಬೇಸರ ಮಾಡಿಕೊಳ್ಳದಿದ್ದರೆ ಈ ಭಾನುವಾರ ಪೂಜೆಯಲ್ಲಿ ನಿಮ್ಮ ಅಮ್ಮನನ್ನು ನೆನೆಯುತ್ತೇನೆ.

ರಾತ್ರಿ ಪಾಳಿ

ನಾನು ನರ್ಸ್. 22 ವರ್ಷದಿಂದ ಇದೇ ಕೆಲಸ, ಹೆಚ್ಚು ಕಾಲ ರಾತ್ರಿಯಲ್ಲೇ. ಈಗಷ್ಟೇ ಡ್ಯೂಟಿ ಮುಗಿಸಿ ಬಂದು ಓದಿದೆ.

ಅಕ್ಕ, ಕೊನೆಯ ಒಂಬತ್ತು ದಿನ ಅಮ್ಮ ಗಂಟೆ ಬಾರಿಸಲಿಲ್ಲ ಅಂದಿರಲ್ಲ. ಕೊನೆ ಹತ್ತಿರವಾದವರಿಗೆ ಶಕ್ತಿ ಕುಗ್ಗುತ್ತದೆ. ನಿದ್ದೆ ಜಾಸ್ತಿಯಾಗುತ್ತದೆ. ಕೈ ಎತ್ತುವುದೇ ದೊಡ್ಡ ಕೆಲಸ. ನೀರು ಬೇಕು ಅಂತಲೂ ಕೇಳದೆ ಸುಮ್ಮನಾಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಯಾರ ಮೇಲೂ ಮುನಿಸಿನಿಂದ ಅಲ್ಲ. ನಿಮ್ಮ ಅಮ್ಮನದೂ ಹಾಗೇ ಇರಬಹುದು.

ಇದನ್ನು ಬರೆದು ಸ್ವಲ್ಪ ಹೊತ್ತು ಕಳಿಸದೆ ಕೂತಿದ್ದೆ. ಯಾಕೆಂದರೆ ಹಾಗೆ ಇಲ್ಲದೆಯೂ ಇರಬಹುದು. ಅಮ್ಮನಿಗೆ ನಿಜವಾಗಿ ನೋವಾಗಿ, ಇನ್ನು ಕರೆಯುವುದು ಬೇಡ ಅಂತ ಬಿಟ್ಟಿರಬಹುದು. ನಿಮ್ಮ ಸಮಾಧಾನವನ್ನು ನನ್ನ ಊಹೆಯ ಮೇಲೆ ಕಟ್ಟಿಕೊಳ್ಳಬೇಡಿ. ಬೆಳಿಗ್ಗೆ ಹೌದು ಅನ್ನಿಸುತ್ತದೆ, ರಾತ್ರಿ ಎರಡು ಮುಕ್ಕಾಲಿಗೆ ಅಲ್ಲ ಅನ್ನಿಸುತ್ತದೆ.

ನಮ್ಮ ವಾರ್ಡಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೇಳುವ ಮಾತು ಒಂದಿದೆ. "ಬಿಡು, ನೀನು ಸುಸ್ತಾಗಿದ್ದೆ, ಅದೇನು ದೊಡ್ಡ ತಪ್ಪಲ್ಲ." ಸುಸ್ತು ನಿಜ. 14 ತಿಂಗಳು ಒಬ್ಬರೇ ನೋಡಿಕೊಂಡಿದ್ದು ಚಿಕ್ಕ ಮಾತಲ್ಲ, ಪಾಳಿ ಬದಲಿಸುವವರು ನಿಮಗೆ ಯಾರೂ ಇರಲಿಲ್ಲ. ಆದರೆ ತಪ್ಪು ಚಿಕ್ಕದು ಅಂತ ಹೇಳುವುದು ಕೃಪೆ ಅಲ್ಲ ಅಕ್ಕ. ಚಿಕ್ಕದಾಗಿದ್ದರೆ ಕೃಪೆ ಯಾಕೆ ಬೇಕಿತ್ತು? ನಾನೂ ಒಂದು ರಾತ್ರಿ ಒಬ್ಬ ರೋಗಿಯ ಕರೆಗೆ ಬೇಕಂತಲೇ ತಡ ಮಾಡಿ ಹೋದೆ. ತುಂಬಾ ಸಲ ಕರೆದಿದ್ದರು. ಅವರಿಗೆ ಏನೂ ಆಗಲಿಲ್ಲ. ಆದರೆ ನಾನು ಹೋದಾಗ ಅವರೇ "ಸಾರಿ ಸಿಸ್ಟರ್" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಸುಸ್ತಾಗಿದ್ದೆ ಅಂತ ಎಷ್ಟು ಹೇಳಿಕೊಂಡರೂ ಹೋಗಲಿಲ್ಲ. "ಕರ್ತನೇ, ಬೇಕಂತಲೇ ಮಾಡಿದೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ ದಿನ ಮೊದಲ ಸಲ ಅಳು ಬಂತು. ಬೈಗುಳ ಕಾದಿದ್ದೆ. ಬರಲಿಲ್ಲ.

ಯೇಸು ಹೇಳಿದ ಕಥೆಯಲ್ಲಿ ದೇವಾಲಯದಲ್ಲಿ ದೂರ ನಿಂತ ಆ ಸುಂಕದವನು ಏನೂ ವಿವರಿಸಲಿಲ್ಲ ಅಲ್ವಾ. ಕೆಲಸ ಹಾಗಿತ್ತು, ಕಾಲ ಹಾಗಿತ್ತು ಅನ್ನಲಿಲ್ಲ. ಪ್ರಾರ್ಥಿಸಲು ಬಂದಿದ್ದ ಇನ್ನೊಬ್ಬ, ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ. ಅವನ ಹತ್ತಿರ ಲೆಕ್ಕ ಇತ್ತು, ವಾರಕ್ಕೆ ಎರಡು ಉಪವಾಸ, ಹತ್ತರಲ್ಲಿ ಒಂದು ಪಾಲು. ಸುಂಕದವನ ಹತ್ತಿರ ಪಾಪಿಯಾದ ನನ್ನನ್ನು ಕರುಣಿಸು ಅನ್ನುವುದು ಬಿಟ್ಟು ಬೇರೇನೂ ಇರಲಿಲ್ಲ. ನೀತಿವಂತನಾಗಿ ಮನೆಗೆ ಹೋದದ್ದು ಸುಂಕದವನೇ.

ಬೆಳಗಿನ ಮಂಜು

ಸಿಸ್ಟರ್, ನೀವು ಬೇಡ ಅಂದರೂ ನಾನು ವಚನ ಬರೆದು ಓಡಿಹೋದೆ. ಕ್ಷಮಿಸಿ. ಅವತ್ತಿನಿಂದ ನಿಮ್ಮದೇ ಯೋಚನೆ. ಒಂದೇ ಒಂದು ಶಬ್ದ ಹೇಳಿ ಹೋಗುತ್ತೇನೆ. ಹಳೆಯ ಒಡಂಬಡಿಕೆಯಲ್ಲಿ ದೇವರ ಕನಿಕರಕ್ಕೆ ಬಳಸುವ ಹೀಬ್ರೂ ಶಬ್ದಗಳಲ್ಲಿ ಒಂದು "ರಹಮೀಮ್". ಅದು "ರೆಹೆಮ್" ಅನ್ನುವ ಶಬ್ದಕ್ಕೆ ನಂಟು. ರೆಹೆಮ್ ಅಂದರೆ ತಾಯಿಯ ಗರ್ಭ. ನೀವು ಅಮ್ಮನ ಕ್ಷಮೆ ಬೇರೆ, ದೇವರ ಕ್ಷಮೆ ಬೇರೆ ಅಂತ ಎರಡು ಬಾಗಿಲು ನೋಡುತ್ತಿದ್ದೀರಿ. ಅಮ್ಮನಿಗೆ ಆ ಕರುಳನ್ನು ಕೊಟ್ಟವನ ಹತ್ತಿರವೇ ಈಗ ಅಮ್ಮ ಇದ್ದಾರೆ ಅಂತ ನಾನು ನಂಬುತ್ತೇನೆ. ನೋಟ್‌ಬುಕ್ ಸುಡಿ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದನ್ನು ನೀವೇ ನೋಡಿಕೊಳ್ಳಿ.

ಹೆಸರು ಬೇಡ

ಮತ್ತಾಯ 1:6 ತೆಗೆದು ನೋಡಿದೆ. ಇದೆ. "ಊರೀಯನ ಹೆಂಡತಿ" ಅಂತಲೇ ಇದೆ. ಅಣ್ಣ ಹೇಳಿದ ಹಿಂದಿನ ಸಾಲಿನ ಮಾತಿಗೆ ಥ್ಯಾಂಕ್ಸ್. ಇದುವರೆಗೆ ಯಾರೂ ಅದು ತಪ್ಪು ಅಂತ ನನಗೆ ಹೇಳಿರಲಿಲ್ಲ. ನಾನು ಆ ಮನುಷ್ಯನನ್ನು ಕ್ಷಮಿಸಿದ್ದೇನೆ ಅಂತ ಇವತ್ತು ಬರೆಯಲಾರೆ.

ಕಿರಿಮಗಳು ಅವರೇ, ನನ್ನನ್ನು ಬಂದು ಕೇಳಿದ್ದರೆ ಏನಾಗುತ್ತಿತ್ತು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. 61 ಸಲ ಬೇರೆ ಯಾರಿಗೋ ಒಳ್ಳೆಯದು ಮಾಡಿದ ಪಟ್ಟಿ ನನಗೆ ಬೇಕಾಗಿರಲಿಲ್ಲ. ಒಂದು ಸಲ ನನ್ನ ಮುಂದೆ ನಿಂತು, ಮಾಡಿದೆ ಅಂದಿದ್ದರೆ ಸಾಕಿತ್ತು. ನೀವು ಇಲ್ಲಿ ಅದನ್ನು ಹೇಳಿದ್ದೀರಿ. ನಿಮ್ಮ ಅಮ್ಮನ ಪರವಾಗಿ ಮಾತಾಡಲು ನನಗೆ ಹಕ್ಕಿಲ್ಲ. ಓದಿದ ಒಬ್ಬ ಮನುಷ್ಯನಾಗಿ ಹೇಳುತ್ತಿದ್ದೇನೆ. ನೀವು ಬರೆದದ್ದನ್ನು ಓದಿದಾಗ ನನಗೆ ಕೋಪ ಬರಲಿಲ್ಲ.

ಕಿರಿಮಗಳು

ಹತ್ತು ದಿನ ಬರೆಯಲಾಗಲಿಲ್ಲ. ಎಲ್ಲರ ಮಾತನ್ನೂ ಓದಿದ್ದೇನೆ, ಕೆಲವನ್ನು ಮತ್ತೆ ಮತ್ತೆ. ಮೊಂಬತ್ತಿ ಅವರೇ, ಬೇಸರ ಏನೂ ಇಲ್ಲ. ಅಮ್ಮನನ್ನು ನೆನೆದಿದ್ದಕ್ಕೆ ವಂದನೆ.

ನರ್ಸ್ ಅಕ್ಕನ ಮಾತು ಓದಿದ ರಾತ್ರಿ ಗಂಟೆಯನ್ನು ಹೊರಗೆ ತೆಗೆದೆ. ಎರಡು ವರ್ಷ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಹಿಡಿಯ ಹತ್ತಿರ ಅಮ್ಮನ ಹೆಬ್ಬೆರಳು ತಾಗುತ್ತಿದ್ದ ಜಾಗ ಮಾತ್ರ ಹೊಳೆಯುತ್ತಿದೆ, ಉಳಿದದ್ದೆಲ್ಲ ಕಪ್ಪಾಗಿದೆ. ಅದನ್ನು ಮುಂದೆ ಇಟ್ಟುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುಸ್ತಿನ ಮಾತು ಎತ್ತಲಿಲ್ಲ. ನಿನ್ನ ಕೈಗೆ ಸಿಗದ ಹಾಗೆ ಬೇಕಂತಲೇ ಮೇಲಿಟ್ಟೆ ಅಂದೆ. ಒದ್ದೆ ಹಾಸಿಗೆ ನೋಡಿದ ಮೇಲೂ ಒಂಬತ್ತು ದಿನ ಸುಮ್ಮನಿದ್ದೆ ಅಂದೆ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ತುಂಬಾ ಹೊತ್ತು ಅತ್ತೆ, ಆಮೇಲೆ ನಿದ್ದೆ ಬಂತು. ಎರಡು ಮುಕ್ಕಾಲಿಗೆ ಎಚ್ಚರವಾಗಲಿಲ್ಲ. ಮರುದಿನ ಆಯಿತು. ಅದನ್ನೂ ಹೇಳಬೇಕಲ್ಲ.

ನಿನ್ನೆ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಮೊದಲಿನಿಂದಲೂ ಹೋಗುವ ಮನೆ. ಅವರು ನೀರು ಕೇಳಿದರು, ಕೊಟ್ಟೆ. ಒಂದು ಗುಟುಕು ಕುಡಿದು ಬೇಡ ಅಂದರು. ಐದು ನಿಮಿಷಕ್ಕೆ ಮತ್ತೆ ಕೇಳಿದರು. ಹೀಗೆ ನಾಲ್ಕು ಸಲ. ನಾಲ್ಕನೇ ಸಲ ನನ್ನೊಳಗೆ ಅದೇ ಸಿಟ್ಟು ಎದ್ದು ನಿಂತಿತು. ಎರಡು ವರ್ಷ, 61 ಭೇಟಿ ಆದ ಮೇಲೂ ಅದು ಅಲ್ಲೇ ಇತ್ತು. ಮೈ ನಡುಗಿತು. ಹಿಂದೆಯಾಗಿದ್ದರೆ ನಗುಮುಖ ಮಾಡಿಕೊಂಡು ಮುಚ್ಚಿಕೊಳ್ಳುತ್ತಿದ್ದೆ, ಮನೆಗೆ ಹೋಗಿ ಪುಸ್ತಕದಲ್ಲಿ ತಾರೀಖು ಬರೆಯುತ್ತಿದ್ದೆ.

ಈ ಸಲ ಲೋಟ ಕೈಯಲ್ಲಿ ಹಿಡಿದುಕೊಂಡೇ, "ಅಜ್ಜಿ, ಈಗ ನಿಮ್ಮ ಮೇಲೆ ನನಗೆ ಕೋಪ ಬಂತು. ಕ್ಷಮಿಸಿ" ಅಂದೆ.

ಅಜ್ಜಿ ನನ್ನ ಮುಖ ನೋಡಿದರು. "ಆಯ್ತು ಮಗಾ, ನೀರು ಕೊಡು" ಅಂದರು.

ಕೊಟ್ಟೆ. ಕುಡಿದರು. ಮನೆಗೆ ಬಂದ ಮೇಲೆ ತಾರೀಖು ಬರೆಯಲಿಲ್ಲ.